ಕೂಡುಪಟ್ಟಿಯ ಕೈಗಡಿಯಾರ: ಅಂದವೂ ತೊಡಕೂ

ಹತ್ತನೆಯ ತರಗತಿಯಲ್ಲಿ ಉತ್ತೀರ್ಣರಾದ ಮಕ್ಕಳಿಗೆ ಹಿರಿಯರು ಕೈಗಡಿಯಾರವನ್ನು ಉಡುಗೊರೆಯಾಗಿ ಕೊಡುವ ವಾಡಿಕೆ ನಮ್ಮ ಕಡೆಯಲ್ಲಿ ಬಹುಕಾಲದಿಂದ ಇದೆ. ಕಾಸರಗೋಡಿನ ಅನೇಕ ಮನೆಗಳವರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಅವರು ರಜೆಯಲ್ಲಿ ಊರಿಗೆ ಬರುವಾಗ ಪೆಟ್ಟಿಗೆಯೊಳಗೆ ಯಾರಿಗಾದರೂ ಒಂದು ಗಡಿಯಾರ ಇರುವುದುಂಟು. ಅದು ವೇಳೆಯನ್ನು ತಿಳಿಸುವ ಯಂತ್ರ ಮಾತ್ರವಲ್ಲ. ಕೊಟ್ಟವರ ಪ್ರೀತಿಯ ಗುರುತೂ ಹೌದು. ಆದುದರಿಂದ ಅದು ಬಹುಕಾಲ ಬಾಳಬೇಕೆಂದು ಬಯಸುವುದು ಸಹಜ. ಈ ದೃಷ್ಟಿಯಿಂದ, ಈಚೆಗೆ ಹೆಚ್ಚಾಗಿ ಕಾಣಸಿಗುವ ಒಂದು ಬಗೆಯ ಗಡಿಯಾರದ ಕುರಿತು ವಿದ್ಯಾರ್ಥಿಗಳಿಗೂ ಪೋಷಕರಿಗೂ ನಾಲ್ಕು ಮಾತು ಹೇಳಬಯಸುತ್ತೇವೆ.

ಸಾಮಾನ್ಯ ಕೈಗಡಿಯಾರದ ರಚನೆ ಹೀಗಿದೆ. ಯಂತ್ರವನ್ನು ಒಳಗೊಂಡ ಒಡಲಿನ ಮೇಲೆ ಎರಡು, ಕೆಳಗೆ ಎರಡು, ಹೀಗೆ ಕಿವಿಗಳಂತಹ ನಾಲ್ಕು ಚಾಚುಗಳಿರುತ್ತವೆ. ಒಂದೊಂದು ಜೊತೆ ಚಾಚುಗಳ ನಡುವೆ ಒಂದು ಸಣ್ಣ ಸ್ಪ್ರಿಂಗ್ ಕಡ್ಡಿ ಕೂತಿರುತ್ತದೆ. ಅದರ ತುದಿಯನ್ನು ಒತ್ತಿದರೆ ಕಡ್ಡಿ ಕಳಚಿ ಪಟ್ಟಿ ಕೈಗೆ ಬರುತ್ತದೆ. ಚಾಚುಗಳ ನಡುವಣ ಅಂತರವು 18, 20, 22 ಮಿಲಿಮೀಟರು ಎಂಬಂತೆ ರೂಢಿಯ ಅಳತೆಗಳಲ್ಲಿರುವುದರಿಂದ, ಒಬ್ಬರು ತಯಾರಿಸಿದ ಗಡಿಯಾರಕ್ಕೆ ಇನ್ನೊಬ್ಬರ ಪಟ್ಟಿ ಹೊಂದುತ್ತದೆ.

ಇನ್ನೊಂದು ಬಗೆಯಲ್ಲಿ ಈ ಚಾಚುಗಳೇ ಇಲ್ಲ. ಒಡಲಿನ ಅಂಚೇ ಮುಂದುವರಿದು ಸರಪಳಿಯಾದಂತೆ ತೋರುತ್ತದೆ. ಮೊದಲ ಕೊಂಡಿಯ ಆಕಾರವು ಆ ಒಂದು ಮಾದರಿಗೆ ಮಾತ್ರ ಹೊಂದುವಂಥದು. ಇದನ್ನು ನಾವು ಇಲ್ಲಿ ಕೂಡುಪಟ್ಟಿ ಎಂದು ಕರೆಯೋಣ. ಸ್ವಿಟ್ಜರ್‌ಲೆಂಡಿನ ಜೆರಾಲ್ಡ್ ಜೆಂಟಾ ಎಂಬ ವಿನ್ಯಾಸಕಾರನು ಓಡೆಮಾರ್ ಪಿಗೆ ಸಂಸ್ಥೆಗಾಗಿ ರೂಪಿಸಿದ, 1972ರಲ್ಲಿ ಹೊರಬಂದ ‘ರಾಯಲ್ ಓಕ್’ ಗಡಿಯಾರದಿಂದ ಈ ಮಾದರಿಗೆ ಹೆಸರು ಬಂದಿತು. ಉಕ್ಕಿನದಾದರೂ ಅದು ಚಿನ್ನದ ಅನೇಕ ಗಡಿಯಾರಗಳಿಗಿಂತ ದುಬಾರಿಯಾಗಿತ್ತು. 1976ರಲ್ಲಿ ಪಾಟೆಕ್ ಫಿಲಿಪ್ ಸಂಸ್ಥೆಯ ‘ನಾಟಿಲಸ್’ ಬಂದಿತು. ಅದೂ ಜೆಂಟಾನದೇ ರಚನೆ. ಇಂದು ಅದೇ ಅಂದವನ್ನು ಅನುಕರಿಸಿದ ಅಗ್ಗದ ಗಡಿಯಾರಗಳು ಎಲ್ಲೆಲ್ಲಿಯೂ ದೊರೆಯುತ್ತವೆ.

ಹಿಂದೊಮ್ಮೆ ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನು ಇಂತಹ ಗಡಿಯಾರವನ್ನು ಕಿಸೆಯಲ್ಲಿಟ್ಟುಕೊಂಡು ಬರುತ್ತಿದ್ದನು. ಕೈಗೇಕೆ ಕಟ್ಟಿಲ್ಲವೆಂದು ಕೇಳಲು, “ಕೊಂಡಿ ಮುರಿದಿದೆ ಸಾರ್, ಮಾವ ದುಬಾಯಿಯಿಂದ ತಂದದ್ದು, ಮನೆಯಲ್ಲಿಡಲು ಮನಸ್ಸಾಗುವುದಿಲ್ಲ” ಎಂದನು. ಪೇಟೆಯ ರಿಪೇರಿಯವರು ಅದನ್ನು ತಿರುಗಿಸಿ ನೋಡಿ, ಈ ಕೊಂಡಿ ತಮ್ಮಲ್ಲಿಲ್ಲ, ಬೇರೆ ಪಟ್ಟಿ ಇದಕ್ಕೆ ಕೂರುವುದೂ ಇಲ್ಲವೆಂದು ಹಿಂದಿರುಗಿಸಿದ್ದರಂತೆ. ಯಂತ್ರ ಸರಿಯಾಗಿಯೇ ನಡೆಯುತ್ತಿತ್ತು. ಅದೇ ಅಂಗಡಿಯಲ್ಲಿ ಅವನ ಅಜ್ಜನ ಹಳೆಯ ಎಚ್.ಎಂ.ಟಿ. ಗಡಿಯಾರಕ್ಕೆ ಐದೇ ನಿಮಿಷದಲ್ಲಿ ಹೊಸ ಚರ್ಮದ ಪಟ್ಟಿ ಬಿದ್ದಿತ್ತು!

ಈ ಎರಡು ಗಡಿಯಾರಗಳ ಅಂತರದಲ್ಲಿ ನಮಗೊಂದು ಪಾಠವಿದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರಗಳ ತಯಾರಿ 1961ರಲ್ಲಿ ಆರಂಭವಾಯಿತು. 2016ರಲ್ಲಿ ಕೇಂದ್ರ ಸರಕಾರವು ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿತು. ಆ ತೀರ್ಮಾನದ ಬಳಿಕವೂ ಆ ಗಡಿಯಾರಗಳು ಇಂದಿಗೂ ಎಷ್ಟೋ ಹಿರಿಯರ ಕೈಯಲ್ಲಿವೆ. ಏಕೆಂದರೆ ಅವುಗಳ ಪಟ್ಟಿಗೆ ತಯಾರಕರ ಹಂಗಿಲ್ಲ. ಕೂಡುಪಟ್ಟಿಯ ಗಡಿಯಾರವಾದರೋ, ಆ ಮಾದರಿಯ ತಯಾರಿ ನಿಂತ ಮೇಲೆ ಒಂದು ಕೊಂಡಿಗಾಗಿ ಅನಾಥವಾಗುತ್ತದೆ.

ಎರಡನೆಯ ತೊಡಕು ಅಳತೆಯದು. ಬೆಳೆಯುವ ಮಕ್ಕಳ ಮಣಿಕಟ್ಟು ವರ್ಷ ವರ್ಷಕ್ಕೆ ದಪ್ಪವಾಗುತ್ತದೆ. ಅಂಗಡಿಯಲ್ಲಿ ತೆಗೆಸಿದ ಕೊಂಡಿಗಳನ್ನು ಕಳೆದುಕೊಂಡರೆ ಮುಂದೆ ಪಟ್ಟಿಯನ್ನು ಉದ್ದ ಮಾಡುವಂತಿಲ್ಲ. ಬುಡದಿಂದ ತುದಿಗೆ ಕಿರಿದಾಗುತ್ತ ಹೋಗುವ ಸರಪಳಿಯಲ್ಲಿ ಒಂದೊಂದು ಕೊಂಡಿಯ ಅಗಲವೂ ಬೇರೆ; ಒಂದರ ಸ್ಥಾನಕ್ಕೆ ಇನ್ನೊಂದು ಸಲ್ಲದು. ಸಾಮಾನ್ಯ ಸರಪಳಿಯ ಬೀಗದಲ್ಲಿ ಕಡ್ಡಿಯನ್ನು ಸರಿಸಿ ಕೂಡಿಸಲು ಸಣ್ಣ ತೂತುಗಳಿರುತ್ತವೆ. ಕೂಡುಪಟ್ಟಿಯ ಗಡಿಯಾರಗಳಲ್ಲಿ ಅನೇಕಕ್ಕೆ ಈ ಅನುಕೂಲವಿಲ್ಲ. ಮೇ ತಿಂಗಳ ಸೆಕೆಗೆ ಕೈ ತುಸು ಊದಿಕೊಂಡರೆ ಬಿಗಿ. ಒಂದು ಕೊಂಡಿ ಸೇರಿಸಿದರೆ ಸಡಿಲ.

ಮೂರನೆಯದು ನಮ್ಮ ಹವೆಯದು. ಕರಾವಳಿಯ ಬೆವರು, ಉಪ್ಪುಗಾಳಿ, ಮಳೆಗಾಲದ ತೇವ ಇವೆಲ್ಲ ಪಟ್ಟಿಯ ಶತ್ರುಗಳು. ತುಕ್ಕು ಹಿಡಿಯದೆಂಬ ಉಕ್ಕನ್ನೂ ಉಪ್ಪು ಅಲ್ಲಲ್ಲಿ ಕೊರೆಯಬಲ್ಲದು. ಒಡಲೂ ಕೊಂಡಿಯೂ ಒತ್ತಾಗಿ ಕೂಡಿದ ಸಂದಿನಲ್ಲಿ ಕೊಳೆ ಸೇರುತ್ತದೆ. ಪಟ್ಟಿಯನ್ನು ಸುಲಭವಾಗಿ ಕಳಚಲಾಗದಿದ್ದರೆ ತೊಳೆಯುವುದೂ ಕಷ್ಟ. ಮಕ್ಕಳು ಕಟ್ಟುವ ಪ್ಲಾಸ್ಟಿಕ್ ಅಂಕಿಗಡಿಯಾರಗಳಲ್ಲಿಯೂ ಇದೇ ದೋಷವುಂಟು. ಕೆಲವು ಬಗೆಯ ಪ್ಲಾಸ್ಟಿಕ್ ತೇವದಿಂದ ವರ್ಷಗಳಲ್ಲಿ ಶಿಥಿಲವಾಗಿ ಸೀಳುತ್ತದೆ. ಪಟ್ಟಿಯ ಆಕಾರ ವಿಶೇಷವಾಗಿದ್ದರೆ, ಚೆನ್ನಾಗಿ ನಡೆಯುವ ಗಡಿಯಾರವನ್ನೇ ಎಸೆಯಬೇಕಾಗುತ್ತದೆ. ಇನ್ನು ಉಕ್ಕಿನಲ್ಲಿರುವ ನಿಕ್ಕಲ್ ಲೋಹ ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ ಬರುವುದುಂಟು. ಅಂಥವರು ಬಟ್ಟೆಯ ಪಟ್ಟಿಗೆ ಬದಲಾಯಿಸೋಣವೆಂದರೆ ಇಲ್ಲಿ ಅವಕಾಶವೇ ಇಲ್ಲ.

ಹಾಗೆಂದು ಈ ಮಾದರಿಯಲ್ಲಿ ಗುಣವೇ ಇಲ್ಲವೆಂದು ನಾವು ಹೇಳುವುದಿಲ್ಲ. ನೋಟಕ್ಕೆ ಅದು ಒಂದೇ ಎರಕದ ಆಭರಣದಂತೆ ಅಂದವಾಗಿದೆ; ಅಳತೆ ಸರಿಹೊಂದಿದ ಕೈಗೆ ಬಳೆಯಂತೆ ಒಪ್ಪುತ್ತದೆ. ಹೆಚ್ಚು ಹಣ ತೆತ್ತು ಕೊಂಡವರಿಗೆ ತಯಾರಕರು ಬಿಡಿಭಾಗಗಳನ್ನು ಬಹುಕಾಲ ಒದಗಿಸುವುದೂ ಉಂಟು. ಆದರೆ ಆ ಸೌಕರ್ಯ ಅಗ್ಗದ ಅನುಕರಣೆಗಳಿಗೆ ಇರುವುದಿಲ್ಲ.

ನಮ್ಮ ದೇಶದಲ್ಲಿ ‘ದುರಸ್ತಿಯ ಹಕ್ಕಿ’ನ ವಿಚಾರಕ್ಕಾಗಿ ಕೇಂದ್ರ ಸರಕಾರವು 2022ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಅದು ಮೊದಲಿಗೆ ಆರಿಸಿಕೊಂಡಿತು. ಕೈಗಡಿಯಾರದ ಹೆಸರು ಅವುಗಳಲ್ಲಿಲ್ಲ. ಆದುದರಿಂದ ಕೊಳ್ಳುವವರ ಎಚ್ಚರವೇ ಸದ್ಯಕ್ಕೆ ರಕ್ಷೆ.

ಗಡಿಯಾರ ಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಪಟ್ಟಿಯನ್ನು ಕಳಚಲು ಬರುವುದೇ? ಚಾಚುಗಳ ಅಂತರವು ರೂಢಿಯ ಅಳತೆಯೇ? ಕೊಂಡಿ ಮುರಿದರೆ ನಮ್ಮ ಪೇಟೆಯಲ್ಲಿ ದೊರೆಯುವುದೇ? ಕೂಡುಪಟ್ಟಿಯದನ್ನು ಈಗಾಗಲೇ ಕೊಂಡಿದ್ದರೆ, ತೆಗೆಸಿದ ಕೊಂಡಿಗಳನ್ನು ರಸೀದಿಯೊಡನೆ ಒಂದು ಡಬ್ಬಿಯಲ್ಲಿಟ್ಟು ಜೋಪಾನ ಮಾಡಿರಿ.

ನಾವು ಹೇಳಿದ ಆ ವಿದ್ಯಾರ್ಥಿಯ ಗಡಿಯಾರ ಈಗ ಅವನ ಮೇಜಿನ ಮೇಲೆ ನಿಂತು ವೇಳೆ ತೋರುತ್ತಿದೆಯಂತೆ. ಅವನ ಕೈಯಲ್ಲಿರುವುದು ಅಜ್ಜನದು.