ಮೊಡವೆಯ ಉರಿ



ಮೊಡವೆಯು ಕೊಳೆಯ ಫಲವೆಂದೆಣಿಸಿ ಮುಖವನ್ನು ಉಜ್ಜಿ ಉಜ್ಜಿ ತೊಳೆಯುವವರುಂಟು. ಇದು ಸರಿಯಲ್ಲ. ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಾಣುವು ನಿರ್ಮಲವಾದ ಮುಖದಲ್ಲಿಯೂ ವಾಸಿಸುವುದು. ಭೇದವಿರುವುದು ಬಹುಮಟ್ಟಿಗೆ ದೇಹವು ಅದಕ್ಕೆ ಕೊಡುವ ಉತ್ತರದಲ್ಲಿ.

ಜಿಡ್ಡಿನಿಂದ ಮುಚ್ಚಿದ ರೋಮಕೂಪದಲ್ಲಿ ಅದು ವೃದ್ಧಿಹೊಂದಲು, ಚರ್ಮದ ಜೀವಕಣಗಳು ಅದನ್ನು ಗುರುತಿಸಿ ಇಂಟರ್‌ಲ್ಯೂಕಿನ್ 1, ಇಂಟರ್‌ಲ್ಯೂಕಿನ್ 8 ಮೊದಲಾದ ಸಂದೇಶದ್ರವ್ಯಗಳನ್ನು ಹೊರಡಿಸುವುವು. ಈ ಕರೆಗೆ ಓಗೊಟ್ಟು ಬಿಳಿಯ ರಕ್ತಕಣಗಳು ಧಾವಿಸಿ ಬರುವುವು. ಕೆಂಪು, ಬಾವು, ಕೀವುಗಳೆಲ್ಲ ಆ ಹೋರಾಟದ ಗುರುತುಗಳು. ಹೋರಾಟವು ಆಳಕ್ಕಿಳಿದು ಬಹುಕಾಲ ನಿಂತರೆ ಮಾಸದ ಕಲೆಯುಳಿಯುವುದು. ಮೊಡವೆಯು ಕಣ್ಣಿಗೆ ಕಾಣುವ ಮೊದಲೇ ಈ ಉರಿಯೂತದ ಲಕ್ಷಣಗಳು ಚರ್ಮದಲ್ಲಿರುವುದನ್ನು 2003ರಲ್ಲಿ ಪ್ರಕಟವಾದ ಪರಿಶೋಧನೆಯೊಂದು ತೋರಿಸಿತು.

ಆದುದರಿಂದ ಮೊಡವೆಯನ್ನು ಹಿಸುಕಬೇಡಿರಿ; ಹಿಸುಕಿದರೆ ಉರಿಯು ಒಳಕ್ಕೆ ಹರಡುವುದು. ನೋವಿನ ಗಂಟುಗಳೆದ್ದರೆ, ಕಲೆ ಬೀಳುವ ಮೊದಲೇ ವೈದ್ಯರನ್ನು ಕಾಣುವುದು ಲೇಸು.