ಬಿಸಿಲನ್ನು ಇಂಧನವಾಗಿಸುವ ವಿದ್ಯೆ

ಕಲಬುರಗಿ ಸೀಮೆಯ ಬಿಸಿಲನ್ನು ಶಪಿಸದವರು ವಿರಳ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಮಧ್ಯಾಹ್ನದ ಬೀದಿಗಳು ಬಿಕೋ ಎನ್ನುತ್ತವೆ. ಆದರೆ ಇದೇ ಬಿಸಿಲು ಪ್ರತಿಯೊಂದು ಚದರ ಮೀಟರ್ ನೆಲದ ಮೇಲೆ ದಿನವೊಂದಕ್ಕೆ ಸರಾಸರಿ 5 ಯೂನಿಟ್ಟುಗಳಷ್ಟು ಶಕ್ತಿಯನ್ನು ಸುರಿಸುತ್ತದೆ. ಈ ಶಕ್ತಿಯಿಂದ ಕಾರನ್ನು ಓಡಿಸಬಹುದೆ? ಅಂಥ ಕಾರನ್ನು ನಮ್ಮ ಮಕ್ಕಳೇ ಕಟ್ಟಬಹುದೆ? ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿರುವ ತಂದೆತಾಯಿಗಳು ಇದನ್ನು ವಿಚಾರಿಸಬೇಕಾದ ಕಾಲ ಬಂದಿದೆ.

ಬಹುದು ಎಂಬುದಕ್ಕೆ ಕನ್ನಡನಾಡಿನ ತರುಣನೊಬ್ಬನ ನಿದರ್ಶನವೇ ಇದೆ. ಬೆಂಗಳೂರಿನ ಚೇತನ್ ಮೈನಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ವಿದ್ಯಾರ್ಥಿಗಳು ಕೂಡಿ ‘ಸನ್‌ರನ್ನರ್’ ಎಂಬ ಸೌರ ಕಾರನ್ನು ನಿರ್ಮಿಸಿದರು. ಮೈನಿಯವರೂ ಆ ತಂಡದಲ್ಲಿದ್ದರು. 1990ರಲ್ಲಿ ಫ್ಲೋರಿಡಾದಿಂದ ಮಿಚಿಗನ್‌ವರೆಗೆ ನಡೆದ ವಿಶ್ವವಿದ್ಯಾಲಯಗಳ ಸ್ಪರ್ಧೆಯಲ್ಲಿ ಆ ಕಾರು ಪ್ರಥಮ ಸ್ಥಾನ ಗಳಿಸಿತು. ಅದೇ ವರ್ಷ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಸುಮಾರು 3,000 ಕಿ.ಮೀ. ಓಟದಲ್ಲಿ ಮೂರನೆಯದಾಗಿ ಬಂದಿತು. ಇಂಥ ಸ್ಪರ್ಧೆಯ ಕಾರುಗಳು ಒಂದೆರಡು ಇಸ್ತ್ರಿಪೆಟ್ಟಿಗೆಗಳಿಗೆ ಬೇಕಾಗುವಷ್ಟು ವಿದ್ಯುತ್ತಿನಲ್ಲಿಯೇ ಹೆದ್ದಾರಿಯ ವೇಗದಲ್ಲಿ ಓಡುತ್ತವೆಂದರೆ ಆಶ್ಚರ್ಯವಾಗಬಹುದು. ಒಬ್ಬನೇ ಕೂರುವಷ್ಟು ಜಾಗ, ಗಾಳಿಯನ್ನು ಸೀಳುವ ಆಕಾರ, ಅತ್ಯಂತ ಕಡಿಮೆ ತೂಕ, ಇವೇ ಅದರ ಗುಟ್ಟು.

ಆ ಅನುಭವ ಪದಕದೊಂದಿಗೆ ಕಪಾಟು ಸೇರಲಿಲ್ಲ. ತಾಯ್ನಾಡಿಗೆ ಮರಳಿದ ಮೈನಿಯವರು ವರ್ಷಗಟ್ಟಲೆ ಶ್ರಮಿಸಿ, 2001ರಲ್ಲಿ ಬೆಂಗಳೂರಿನಿಂದ ‘ರೇವಾ’ ಎಂಬ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದರು. ಅದು ಲಂಡನ್ನಿನ ಬೀದಿಗಳಲ್ಲಿಯೂ ಓಡಿತು. 2010ರಲ್ಲಿ ಆ ಸಂಸ್ಥೆಯ ಬಹುಪಾಲು ಷೇರುಗಳು ಮಹೀಂದ್ರ ಕಂಪನಿಯ ವಶವಾದವು. ಇಂದು ರೇವಾ ತಯಾರಾಗುತ್ತಿಲ್ಲವಾದರೂ ದೇಶದ ವಿದ್ಯುತ್ ಕಾರುಗಳ ಚರಿತ್ರೆಯಲ್ಲಿ ಅದಕ್ಕೆ ಮೊದಲಿಗರ ಸ್ಥಾನವಿದೆ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ 40 ಕಿ.ಮೀ.ಗಳ ಒಳಗೇ ಇದೆ. ಹಳೆಯ ರೇವಾದಂಥ ಪುಟ್ಟ ಕಾರು ಪೂರ್ತಿ ಚಾರ್ಜ್ ಆಗಲು 9-10 ಯೂನಿಟ್ ವಿದ್ಯುತ್ ತೆಗೆದುಕೊಂಡು ಸುಮಾರು 80 ಕಿ.ಮೀ. ಓಡುತ್ತಿತ್ತು. ಹೋಗಿಬರಲು ಕಾಗದದ ಮೇಲೆ ಇಷ್ಟು ಸಾಕು. ಆದರೆ ರಸ್ತೆಯ ಏರು, ಜನರ ಭಾರ, ಬ್ಯಾಟರಿಯ ವಯಸ್ಸು ಇವು ಸೇರಿದರೆ ದಾರಿಯಲ್ಲೇ ನಿಲ್ಲುವ ಭಯ ತಪ್ಪದು. ಆದ್ದರಿಂದ ಕಮಲಾಪುರದಲ್ಲಿಯೂ ಚಾರ್ಜ್ ಮಾಡುವ ಅನುಕೂಲವಿದ್ದರೆ ಒಳಿತು.

ಸೌರಫಲಕಗಳನ್ನು ಕಾರಿನ ನೆತ್ತಿಯ ಮೇಲೆಯೇ ಜೋಡಿಸಿದರಾಗದೆ ಎಂದು ಕೇಳುವವರುಂಟು. ಪುಟ್ಟ ಕಾರಿನ ಮಾಡಿನ ಮೇಲೆ 300-400 ವಾಟ್ ಫಲಕಗಳಷ್ಟೇ ಹಿಡಿಯುತ್ತವೆ. ಇಡೀ ದಿನ ಬಿಸಿಲಿನಲ್ಲಿ ನಿಂತರೂ ಒಂದೂವರೆ ಯೂನಿಟ್ಟಿನಷ್ಟು ಬರುತ್ತದೆ. ಅದು ಪೇಟೆಗೆ ಹೋಗಿಬರುವ ಹತ್ತು-ಹನ್ನೆರಡು ಕಿ.ಮೀ.ಗೆ ಸರಿ. ಕಮಲಾಪುರ ಮುಟ್ಟಲು ಮನೆಯ ಅಥವಾ ಕಾಲೇಜಿನ ಮಾಳಿಗೆಯೇ ಬೇಕು. ಒಂದು ಕಿಲೋವಾಟ್ ಫಲಕಗಳಿಗೆ ಸುಮಾರು 100 ಚದರ ಅಡಿ ಜಾಗ ಬೇಕಾಗುತ್ತದೆ. ಅದರಿಂದ ದಿನಕ್ಕೆ 4 ಯೂನಿಟ್ ಹುಟ್ಟುತ್ತದೆ. ಎರಡೂವರೆ ಕಿಲೋವಾಟ್ ಇದ್ದರೆ ಕಾರಿನ ಹೊಟ್ಟೆ ತುಂಬುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು. ಫಲಕಗಳಿಗೆ ಬೇಕಾದದ್ದು ಬೆಳಕು. ಸೆಕೆ ಅವುಗಳ ಶತ್ರು. 25 ಡಿಗ್ರಿಗಿಂತ ಮೇಲೇರುವ ಪ್ರತಿ ಡಿಗ್ರಿಗೆ ಅವುಗಳ ಸಾಮರ್ಥ್ಯ ಶೇ. 0.4ರಷ್ಟು ಕುಗ್ಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಫಲಕ 65 ಡಿಗ್ರಿಗೆ ಕಾದರೆ ಶೇ. 16ರಷ್ಟು ನಷ್ಟ. ಬ್ಯಾಟರಿಯ ಆಯುಷ್ಯವೂ ಸೆಕೆಯಿಂದ ಕಡಿಮೆಯಾಗುತ್ತದೆ. ಫಲಕದ ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ಕೂರಿಸುವುದು, ಧೂಳು ಒರೆಸುವುದು, ಬ್ಯಾಟರಿಯನ್ನು ತಂಪಾಗಿಡುವುದು ಇವು ಇಲ್ಲಿಯ ವಿದ್ಯಾರ್ಥಿಗಳೇ ಬಿಡಿಸಬೇಕಾದ ಸಮಸ್ಯೆಗಳು. ಚಳಿನಾಡಿನಲ್ಲಿ ಬರೆದ ಪುಸ್ತಕದಲ್ಲಿ ಕಲಬುರಗಿಯ ಮೇ ತಿಂಗಳಿಗೆ ಉತ್ತರ ಸಿಗಲಾರದು.

ಮನೆಯವರಿಗೂ ಇದರಲ್ಲಿ ಪಾಲಿದೆ. ಹಗಲು ಹುಟ್ಟಿದ ವಿದ್ಯುತ್ತನ್ನು ಜೆಸ್ಕಾಂ ಜಾಲಕ್ಕೆ ಕೊಟ್ಟು, ರಾತ್ರಿ ಅಲ್ಲಿಂದ ಪಡೆದು ಕಾರನ್ನು ಚಾರ್ಜ್ ಮಾಡುವ ಏರ್ಪಾಡು ಸಾಧ್ಯವಿದೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ನ ಮಾಳಿಗೆ ಘಟಕಕ್ಕೆ 78,000 ರೂ. ಸಹಾಯಧನ ಗೊತ್ತುಪಡಿಸಲಾಗಿದೆ.

ಇನ್ನು ಮುಖ್ಯ ಮಾತು. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು 1958ರಲ್ಲಿ ಸ್ಥಾಪಿಸಿ, ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರಿನಲ್ಲಿ ನಡೆಸಿಕೊಂಡು ಬಂದಿರುವ ಇಂಜಿನಿಯರಿಂಗ್ ಕಾಲೇಜು ಈ ಭಾಗದ ಎಷ್ಟೋ ರೈತಮಕ್ಕಳನ್ನು ಇಂಜಿನಿಯರರನ್ನಾಗಿಸಿದೆ. ಈಗ ನಗರದಲ್ಲಿ ಇಂಥ ಕಾಲೇಜುಗಳು ಹಲವಿವೆ. ಆದರೆ ಅಂತಿಮ ವರ್ಷದ ಪ್ರಾಜೆಕ್ಟನ್ನು ಹಣ ಕೊಟ್ಟು ಸಿದ್ಧವಾಗಿ ಕೊಳ್ಳುವ ಕೆಟ್ಟ ಚಾಳಿ ನಾಡಿನ ಎಲ್ಲೆಡೆ ಬೆಳೆಯುತ್ತಿದೆ. ಅಂಕ ಬರುತ್ತದೆ, ಪದವಿ ಬರುತ್ತದೆ. ಕೈಗೆ ವಿದ್ಯೆ ಬರುವುದಿಲ್ಲ. ಕಾರನ್ನು ಕಟ್ಟುವಾಗ ಒಬ್ಬನು ಚೌಕಟ್ಟನ್ನು ಬೆಸೆಯಬೇಕು, ಮತ್ತೊಬ್ಬಳು ಮೋಟಾರಿನ ಲೆಕ್ಕ ಹಾಕಬೇಕು, ಮಗದೊಬ್ಬನು ಬ್ಯಾಟರಿಯ ಕಾವನ್ನು ಅಳೆಯಬೇಕು. ತಪ್ಪಿದರೆ ಬಿಚ್ಚಿ ಮತ್ತೆ ಜೋಡಿಸಬೇಕು. ಹಾಗೆ ಕಲಿತ ಮಗು ಬೆಂಗಳೂರಿಗೆ ಹೋದರೂ ಬಾಳುತ್ತದೆ, ಊರಲ್ಲಿಯೇ ನಿಂತರೂ ಬಾಳುತ್ತದೆ.

ಆದುದರಿಂದ ಮಗನೋ ಮಗಳೋ ಗ್ರೀಸ್ ಮೆತ್ತಿದ ಕೈಗಳಿಂದ ತಡವಾಗಿ ಮನೆಗೆ ಬಂದರೆ ಗದರದಿರಿ. ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಪಡಿಸಿದೆ ಎಂದು ಕುಳ್ಳಿರಿಸಿಕೊಂಡು ಕೇಳಿರಿ. ಬಿಸಿಲು ನಮ್ಮಲ್ಲಿ ಧಾರಾಳವಾಗಿದೆ. ಅದನ್ನು ದುಡಿಸಿಕೊಳ್ಳುವ ಕೈಗಳನ್ನು ಸಿದ್ಧಗೊಳಿಸುವ ಹೊಣೆ ಹಿರಿಯರದು.