ಅಕ್ಷರವಿಲ್ಲದ ಪುಸ್ತಕಕ್ಕೆ ಹಣವೇಕೆ?

ಸುಮಾರು ಎರಡು ದಶಕಗಳ ಹಿಂದಿನ ಮಾತು. ಜಿಲ್ಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಶಾಲೆಗಳಿಗಾಗಿ ಮಕ್ಕಳ ಪುಸ್ತಕಗಳನ್ನು ಕೊಳ್ಳುವ ಕಡತವೊಂದು ನನ್ನ ಮೇಜಿಗೆ ಬಂದಿತ್ತು. ಪಟ್ಟಿಯಲ್ಲಿ ಒಂದೇ ಒಂದು ಅಕ್ಷರವೂ ಇಲ್ಲದ, ಬರೀ ಚಿತ್ರಗಳಿದ್ದ ಪುಸ್ತಕವೊಂದಿತ್ತು. ಅಜ್ಜಿಯನ್ನು ಕಳೆದುಕೊಂಡ ಮಗುವಿನ ಕಥೆ ಅದೆಂದು ಟಿಪ್ಪಣಿ ಹೇಳುತ್ತಿತ್ತು. ಅರ್ಥಶಾಸ್ತ್ರ ಓದಿದವನ ಬುದ್ಧಿ ಲೆಕ್ಕದ ಕಡೆಗೇ ಹರಿಯುವುದು ಸಹಜ. ಪುಟ ಕಡಿಮೆ, ಬೆಲೆ ಹೆಚ್ಚು, ಓದುವುದಕ್ಕೆ ಏನೂ ಇಲ್ಲ, ಸಾಲದ್ದಕ್ಕೆ ದುಃಖದ ವಸ್ತು. ಅಂಚಿನಲ್ಲಿ ‘ಅಕ್ಷರವೇ ಇಲ್ಲದ ಪುಸ್ತಕಕ್ಕೆ ಸಾರ್ವಜನಿಕ ಹಣವೇಕೆ? ಕೈಬಿಡಬಹುದು’ ಎಂದು ಷರಾ ಬರೆದು ಸಹಿ ಹಾಕಿದೆ. ಯಾರೂ ಪ್ರಶ್ನಿಸಲಿಲ್ಲ. ಆ ಷರಾ ತಪ್ಪಾಗಿತ್ತೆಂದು ತಿಳಿಯಲು ನಾನು ನಿವೃತ್ತನಾಗಿ, ಸುರಪುರ ತಾಲ್ಲೂಕಿನ ದೇವಾಪುರದ ಮನೆಯೊಂದರ ಕಟ್ಟೆಯ ಮೇಲೆ ಕೂರಬೇಕಾಯಿತು.

ದೇವಾಪುರ ನನ್ನ ತಾಯಿಯ ತವರು. ಸಂಬಂಧಿಕರ ಮನೆಯ ಸಮಾರಂಭಕ್ಕೆಂದು ಅಲ್ಲಿಗೆ ಹೋಗುವಾಗ, ಮಗಳು ಕೊಟ್ಟಿದ್ದ ಪುಸ್ತಕವೊಂದು ಚೀಲದಲ್ಲಿತ್ತು. ಆಸ್ಟ್ರೇಲಿಯಾದ ಚಿತ್ರಕಾರ ಶಾನ್ ಟ್ಯಾನ್ 2006ರಲ್ಲಿ ಪ್ರಕಟಿಸಿದ ‘ದಿ ಅರೈವಲ್’. ನೂರಕ್ಕೂ ಹೆಚ್ಚು ಪುಟಗಳಿದ್ದರೂ ಕಥೆ ಹೇಳಲು ಒಂದು ಮಾತನ್ನೂ ಬಳಸದ ಪುಸ್ತಕ ಅದು. ಹಳೆಯ ಭಾವಚಿತ್ರಗಳ ಕಂದು ಬಣ್ಣದಲ್ಲಿ, ಹೆಂಡತಿ ಮಗಳನ್ನು ಬಿಟ್ಟು ದೂರದೇಶಕ್ಕೆ ದುಡಿಯಲು ಹೋಗುವ ಗಂಡಸೊಬ್ಬನ ಕಥೆಯನ್ನು ಅದು ಹೇಳುತ್ತದೆ. ಟ್ಯಾನ್ ಅವರ ತಂದೆ ಮಲೇಷ್ಯಾದಿಂದ ಆಸ್ಟ್ರೇಲಿಯಾಕ್ಕೆ ವಲಸೆ ಬಂದವರು.

ಪಕ್ಕದ ಮನೆಯ ವೃದ್ಧೆ ತನ್ನ ಎಂಟು ವರ್ಷದ ಮೊಮ್ಮಗನೊಂದಿಗೆ ಕಟ್ಟೆಗೆ ಬಂದು ಕುಳಿತರು. ಹುಡುಗನ ತಂದೆ ತಾಯಿ ಇಬ್ಬರೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ತಾಲ್ಲೂಕುಗಳಿಗೆ ಹರಿದ ಮೇಲೂ, ಹೊಲವಿಲ್ಲದವರ ಮತ್ತು ಮಳೆಯನ್ನೇ ನಂಬಿದ ಹೊಲದವರ ಪಾಲಿಗೆ ಗುಳೆ ತಪ್ಪಿಲ್ಲ. ಹುಡುಗ ನನ್ನ ಪುಸ್ತಕವನ್ನು ಎಳೆದುಕೊಂಡ. ಮೊದಲ ಪುಟಗಳಲ್ಲಿ ಮನೆಯ ಸಾಮಾನುಗಳ ಚಿಕ್ಕ ಚಿಕ್ಕ ಚಿತ್ರಗಳು: ಕಾಗದದ ಹಕ್ಕಿ, ಗಡಿಯಾರ, ಅಡುಗೆಯ ಪಾತ್ರೆ, ಮಗು ಬರೆದ ಚಿತ್ರ. ಆಮೇಲೆ ಕುಟುಂಬದ ಭಾವಚಿತ್ರವನ್ನು ಸುತ್ತಿ ಪೆಟ್ಟಿಗೆಯಲ್ಲಿಡುವ ಕೈಗಳು. ಮುಚ್ಚಿದ ಪೆಟ್ಟಿಗೆಯ ಮೇಲೆ ಗಂಡನ ಕೈ, ಅದರ ಮೇಲೆ ಹೆಂಡತಿಯ ಕೈ.

ಹುಡುಗ ಬಹಳ ಹೊತ್ತು ಆ ಪುಟವನ್ನೇ ನೋಡಿದ. ‘ಆಯಿ, ಇವ್ನೂ ದುಡ್ಯಾಕ ಹೊಂಟಾನೇನು?’ ಎಂದು ಕೇಳಿದ. ‘ಹೂಂ, ಹೊಂಟಾನ. ಪೆಟಗಿ ಕಟ್ಯಾರ ನೋಡು’ ಎಂದರು ಆಯಿ. ‘ಮತ್ತ ಆ ಹುಡುಗಿನ್ನ ಯಾಕ ಬಿಟ್ಟು ಹೊಂಟಾನ?’ ಆಯಿ ತಕ್ಷಣ ಉತ್ತರ ಕೊಡಲಿಲ್ಲ. ಪುಟ ತಿರುಗಿಸಿದರು. ರೈಲು ನಿಲ್ದಾಣದಲ್ಲಿ ತಂದೆ ಟೋಪಿ ಎತ್ತಿ, ಅದರಡಿ ಬಚ್ಚಿಟ್ಟ ಕಾಗದದ ಹಕ್ಕಿಯನ್ನು ಮಗಳಿಗೆ ಕೊಡುವ ಚಿತ್ರ. ‘ಸಾಲಿ ಬಿಟ್ಟು ಹೆಂಗ ಒಯ್ಯಾಕ ಬರ್ತದಪ್ಪಾ’ ಎಂದರು. ಆ ಮಾತು ಪುಸ್ತಕದ ಹುಡುಗಿಯ ಬಗ್ಗೆ ಆಗಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು. ತಂದೆ ತಾಯಿ ಹೋದ ಮೇಲೆ ಅವರಿಬ್ಬರ ನಡುವೆ ಈ ವಿಷಯ ಎಂದೂ ಬಂದಿರಲಿಲ್ಲವೆಂದು ಆಯಿ ಆಮೇಲೆ ನನಗೆ ಹೇಳಿದರು. ‘ಕೇಳಿದ್ರ ಅಳ್ತಾನ ಅಂತ ನಾ ಸುಮ್ಮನಿದ್ದೆ. ನಾ ಅಳ್ತೀನಂತ ಅವ ಸುಮ್ಮನಿದ್ದ.’

ಅವರಿಬ್ಬರೂ ಸುಮಾರು ಒಂದು ಗಂಟೆ ಆ ಪುಸ್ತಕ ಓದಿದರು. ‘ಓದಿದರು’ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಆಯಿಗೆ ಅಕ್ಷರ ಬರುವುದಿಲ್ಲ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83; ರಾಜ್ಯದ ಸರಾಸರಿ ಶೇ 75.36 ಇದ್ದಾಗ, ಎಲ್ಲ ಜಿಲ್ಲೆಗಳಿಗಿಂತ ಕಡಿಮೆ. ಗುಳೆ ಹೋದವರ ಮಕ್ಕಳನ್ನು ಸಾಕುವವರು ಬಹುಪಾಲು ಅಕ್ಷರ ಕಲಿಯದ ತಲೆಮಾರಿನ ಅಜ್ಜಿಯರು. ಮಗುವಿಗೆ ಓದಿ ಹೇಳಿ ಎಂದು ನಾವು ನಗರದ ತಾಯಂದಿರಿಗೆ ಕೊಡುವ ಉಪದೇಶ ಇಲ್ಲಿ ನಡೆಯುವುದಿಲ್ಲ. ಅಕ್ಷರದ ಪುಸ್ತಕ ಆ ಮನೆಗೆ ಬಂದರೆ ಓದಬಲ್ಲ ಮೊಮ್ಮಗ ಒಂದು ಕಡೆ, ಓದಲಾರದ ಆಯಿ ಇನ್ನೊಂದು ಕಡೆ. ಅಕ್ಷರವಿಲ್ಲದ ಪುಸ್ತಕ ಬಂದರೆ ಇಬ್ಬರೂ ಒಂದೇ ಕಡೆ.

‘ದಿ ಅರೈವಲ್’ನಲ್ಲಿ ಇನ್ನೊಂದು ಜಾಣ್ಮೆಯಿದೆ. ಆ ಹೊಸ ದೇಶದ ಲಿಪಿಯನ್ನು ಟ್ಯಾನ್ ತಾವೇ ಕಲ್ಪಿಸಿದ್ದಾರೆ. ಅದನ್ನು ಜಗತ್ತಿನ ಯಾರೂ ಓದಲಾರರು. ಅಲ್ಲಿಗೆ ಬಂದವನಿಗೆ ಫಲಕ ಓದಲಾಗದು, ದಾರಿ ಕೇಳಲಾಗದು. ಭಿತ್ತಿಪತ್ರ ಅಂಟಿಸುವ ಕೆಲಸ ಸಿಕ್ಕಾಗ ಎಲ್ಲವನ್ನೂ ತಲೆಕೆಳಗಾಗಿ ಅಂಟಿಸುತ್ತಾನೆ. ಆ ಪುಟ ಬಂದಾಗ ಆಯಿ ಜೋರಾಗಿ ನಕ್ಕರು. ‘ಬೆಂಗ್ಳೂರಾಗ ನನ್ನ ಗತಿನೂ ಇದ ಆಗಿತ್ತು’ ಎಂದರು. ಎಂ.ಎ. ಪದವಿಯ ನಾನೂ ಅಕ್ಷರ ಬಾರದ ಅವರೂ ಆ ಪುಟದ ಮುಂದೆ ಸರಿಸಮಾನರು. ನನ್ನ ಅನುಭವದಲ್ಲಿ ಇದು ಅಪರೂಪ.

ಮಕ್ಕಳಿಗೇಕೆ ದುಃಖದ ಪುಸ್ತಕ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಮಕ್ಕಳ ಪುಸ್ತಕವೆಂದರೆ ಬಣ್ಣಬಣ್ಣದ ಚಿಟ್ಟೆ, ನಗುವ ಸೂರ್ಯ, ಕೊನೆಯಲ್ಲಿ ಒಂದು ನೀತಿ ಎಂಬ ಕಲ್ಪನೆ ನಮ್ಮ ಮಧ್ಯಮ ವರ್ಗದಲ್ಲಿ ಗಟ್ಟಿಯಾಗಿದೆ. ದುಃಖ ದೊಡ್ಡವರ ವ್ಯವಹಾರ, ಮಗುವಿನಿಂದ ಅದನ್ನು ಮುಚ್ಚಿಡುವುದೇ ಪ್ರೀತಿ ಎಂದು ನಾವು ತಿಳಿದಿದ್ದೇವೆ. ಈ ಪ್ರೀತಿಯ ಪರಿಣಾಮವನ್ನು ನಾನು ಸ್ವಂತ ಅನುಭವದಿಂದ ಬಲ್ಲೆ. 1969ರಲ್ಲಿ, ನನಗೆ ಎಂಟು ವರ್ಷವಾಗಿದ್ದಾಗ, ನನ್ನ ಅವ್ವ ತೀರಿಕೊಂಡಳು. ನನ್ನನ್ನು ದೇವಾಪುರಕ್ಕೆ ಕರೆತಂದವರು ‘ಅವ್ವ ಊರಿಗೆ ಹೋಗ್ಯಾಳ, ಬರ್ತಾಳ’ ಎಂದರು. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ಬಸ್ಸು ಬರುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದೆ. ಬರುವುದಿಲ್ಲವೆಂದು ನನಗೆ ಎಂದು ಗೊತ್ತಾಯಿತೋ ಹೇಳಲಾರೆ. ಗೊತ್ತಾದ ಮೇಲೂ ನಿಲ್ಲುತ್ತಿದ್ದೆ. ನಿಲ್ಲದಿದ್ದರೆ ದೊಡ್ಡವರಿಗೆ ನೋವಾಗುತ್ತದೆಂದು ಅನ್ನಿಸುತ್ತಿತ್ತು.

ನನ್ನನ್ನು ಅದರಿಂದ ಎತ್ತಿದ್ದು ಒಂದು ಕಥೆ. ಮುತ್ಯಾ ಸಂಜೆಯ ಹೊತ್ತು ಲಕ್ಷ್ಮೀಶನ ಜೈಮಿನಿ ಭಾರತ ಓದುತ್ತಿದ್ದರು. ಆ ಕವಿಯ ದೇವಪುರ ಕಡೂರು ತಾಲ್ಲೂಕಿನ ದೇವನೂರೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಸುರಪುರ ಸೀಮೆಯ ನಮ್ಮ ದೇವಾಪುರವೇ ಅದೆಂಬ ವಾದವೂ ಇದೆ, ಮುತ್ಯಾನಿಗಂತೂ ಆ ಬಗ್ಗೆ ಸಂಶಯವೇ ಇರಲಿಲ್ಲ. ಅವರು ಚಂದ್ರಹಾಸನ ಕಥೆಗೆ ಬಂದರು. ಎಡಗಾಲಿಗೆ ಆರು ಬೆರಳಿದ್ದ ಕೂಸು; ತಂದೆ ತಾಯಿ ಇಲ್ಲ; ಎತ್ತಿಕೊಂಡು ಕುಂತಳಪುರಕ್ಕೆ ಓಡಿಬಂದ ದಾದಿಯೂ ಸತ್ತಳು; ಮಂತ್ರಿ ಕೊಲ್ಲಲು ಕಳಿಸಿದವರು ಮುಖ ನೋಡಿ ಕರುಣೆ ಬಂದು, ಆರನೆಯ ಬೆರಳನ್ನಷ್ಟೇ ಕುರುಹಿಗೆ ಕತ್ತರಿಸಿಕೊಂಡು ಬಿಟ್ಟುಹೋದರು. ಕಾಡಿನಲ್ಲಿ ಒಬ್ಬನೇ ಉಳಿದ ಆ ಹುಡುಗನ ಮುಖ ಹೇಗಿತ್ತು ಎಂದು ನಾನು ಕೇಳಿದೆ. ಮುತ್ಯಾ ಪುಸ್ತಕದಿಂದ ಕಣ್ಣೆತ್ತಿ, ‘ನಿನ್ನಂಗ ಇತ್ತು’ ಎಂದರು. ಅಂದು ರಾತ್ರಿ ನಾನು ಮೊದಲ ಸಲ ಎಲ್ಲರೆದುರು ಅತ್ತೆ. ಮರುದಿನ ಬಸ್ಸಿಗೆ ಕಾಯಲು ಹೋಗಲಿಲ್ಲ.

ನನ್ನ ಪ್ರಶ್ನೆಯನ್ನು ಈಗ ಗಮನಿಸುತ್ತೇನೆ. ಕಥೆ ಕೇಳುತ್ತಿದ್ದ ಮಗುವಿಗೆ ಬೇಕಾಗಿದ್ದುದು ಒಂದು ಮುಖ. ತನ್ನೊಳಗಿನ ದುಃಖ ಹೊರಗೆ ಎಲ್ಲಾದರೂ ಕಾಣಬೇಕಿತ್ತು. ಒಳ್ಳೆಯ ಚಿತ್ರಪುಸ್ತಕ ಮಾಡುವ ಕೆಲಸ ಇದೇ. ಅದು ಮಗುವಿಗೆ ಇಲ್ಲದ ದುಃಖವನ್ನು ತಂದು ಕೊಡುವುದಿಲ್ಲ. ಇರುವ ದುಃಖಕ್ಕೆ ರೂಪ ಕೊಟ್ಟು, ಬೆರಳಿಟ್ಟು ತೋರಿಸುವಂತೆ ಮಾಡುತ್ತದೆ. ‘ನನಗೆ ಹೀಗಾಗಿದೆ’ ಎನ್ನಲಾರದ ಮಗು ‘ಇವನಿಗೆ ಹೀಗಾಗಿದೆ’ ಎನ್ನಬಲ್ಲದು.

ಜಗತ್ತಿನ ಕೆಲವು ಶ್ರೇಷ್ಠ ಚಿತ್ರಕಾರರು ಇದನ್ನು ಬಲ್ಲರು. ಇಂಗ್ಲೆಂಡಿನ ಕವಿ ಮೈಕಲ್ ರೋಸೆನ್ ಅವರ ಹದಿನೆಂಟರ ಮಗ 1999ರಲ್ಲಿ ಮಿದುಳ ಪೊರೆಯ ಉರಿಯೂತದಿಂದ ತೀರಿಕೊಂಡ. 2004ರಲ್ಲಿ ಅವರು ಕ್ವೆಂಟಿನ್ ಬ್ಲೇಕ್ ಅವರ ಚಿತ್ರಗಳೊಂದಿಗೆ ಮಕ್ಕಳಿಗಾಗಿಯೇ ‘ಸ್ಯಾಡ್ ಬುಕ್’ ಎಂಬ ಪುಸ್ತಕ ತಂದರು. ಅದರ ಮೊದಲ ಚಿತ್ರದಲ್ಲಿ ಒಬ್ಬ ಮನುಷ್ಯ ಬಾಯಗಲಿಸಿ ನಗುತ್ತಿದ್ದಾನೆ. ಅದು ಸುಳ್ಳು ನಗುವೆಂದು ಪುಸ್ತಕವೇ ತಿಳಿಸುತ್ತದೆ. ಕೊನೆಯ ಚಿತ್ರದಲ್ಲಿ ಅದೇ ಮನುಷ್ಯ ಉರಿಯುವ ಮೋಂಬತ್ತಿಯೊಂದರ ಮುಂದೆ ಕುಳಿತಿದ್ದಾನೆ. ಮಗ ಮರಳಿ ಬರುವುದಿಲ್ಲ, ಸಾಂತ್ವನದ ಮಾತಿಲ್ಲ, ಬೆಳಕಿದೆ. ಟ್ಯಾನ್ ಅವರದೇ 2001ರ ‘ದಿ ರೆಡ್ ಟ್ರೀ’ಯಲ್ಲಿ, ಕೋಣೆಯ ತುಂಬ ಕಪ್ಪು ಎಲೆ ಉದುರುವ ದಿನಕ್ಕೆ ಎಚ್ಚರಗೊಂಡ ಹುಡುಗಿಯೊಬ್ಬಳಿದ್ದಾಳೆ. ಅವಳ ತಲೆಯ ಮೇಲೆ ಬೃಹತ್ ಮೀನೊಂದು ಮೋಡದಂತೆ ತೇಲುತ್ತದೆ. ಆದರೆ ಪುಟಪುಟದಲ್ಲೂ ಎಲ್ಲೋ ಮೂಲೆಯಲ್ಲಿ ಚಿಕ್ಕದೊಂದು ಕೆಂಪು ಎಲೆ ಅಡಗಿದೆ. ಹುಡುಗಿಗೆ ಅದು ಕಾಣದು, ಓದುವ ಮಗುವಿಗೆ ಕಾಣುತ್ತದೆ. ಕೊನೆಗೆ ಅವಳ ಕೋಣೆಯಲ್ಲೇ ಕೆಂಪು ಮರ ಬೆಳೆದು ನಿಲ್ಲುತ್ತದೆ. ಭರವಸೆಯನ್ನು ಉಪದೇಶಿಸದೆ, ಹುಡುಕಿಕೊಳ್ಳಲು ಬಿಡುವ ವಿಧಾನ ಇದು. ‘ಎಲ್ಲಾ ಸರಿಹೋಗ್ತದ’ ಎಂದು ದೊಡ್ಡವರು ಹೇಳಿದಾಗ ಮಗು ನಂಬಲಿಕ್ಕಿಲ್ಲ. ತಾನೇ ಕಂಡ ಎಲೆಯನ್ನು ನಂಬುತ್ತದೆ.

ಇದೆಲ್ಲ ಪಶ್ಚಿಮದ ನಾಜೂಕು ಎನ್ನುವವರಿಗೆ ಗೋವಿನ ಹಾಡನ್ನು ನೆನಪಿಸಬೇಕು. ಕರುವಿಗೆ ಹಾಲುಣಿಸಿ ಸಾಯಲು ಮರಳಿ ಹೋಗುವ ತಾಯಿಯ ಕಥೆಯನ್ನು ಕನ್ನಡದ ಎಷ್ಟೋ ತಲೆಮಾರಿನ ಮಕ್ಕಳು ಕೇಳಿ ಅತ್ತಿದ್ದಾರೆ. ಅದರಿಂದ ಯಾರಿಗೂ ಕೇಡಾಗಲಿಲ್ಲ. ದುಃಖವನ್ನು ಮಕ್ಕಳಿಂದ ಮರೆಮಾಡುವುದು ನಮ್ಮ ಪರಂಪರೆಯಲ್ಲ, ಇತ್ತೀಚಿನ ಅಭ್ಯಾಸ.

ಇನ್ನು ಹಣದ ಮಾತು. ಕೋವಿಡ್‌ನಿಂದ ತಂದೆ ತಾಯಿಯನ್ನು ಕಳೆದುಕೊಂಡು ಅನಾಥರಾದ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ನೀಡುವ ‘ಬಾಲ ಸೇವಾ’ ಯೋಜನೆಯನ್ನು ರಾಜ್ಯ ಸರ್ಕಾರ 2021ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅಗತ್ಯವಾದ ಕ್ರಮ. ಆದರೆ ನಮ್ಮ ಆಡಳಿತಕ್ಕೆ ಮಗುವಿನ ನಷ್ಟ ಕಾಣುವುದು ಅರ್ಜಿ ನಮೂನೆಯಲ್ಲಿ ಮಾತ್ರ. ಮೂವತ್ತಕ್ಕೂ ಹೆಚ್ಚು ವರ್ಷ ಆ ನಮೂನೆಗಳ ಮೇಲೆ ಸಹಿ ಹಾಕಿದವನಾಗಿ ಇದನ್ನು ಹೇಳುತ್ತಿದ್ದೇನೆ. ಊರೂರಿನಲ್ಲಿ ಮನಶ್ಶಾಸ್ತ್ರಜ್ಞರನ್ನು ನೇಮಿಸಲು ನಮ್ಮಿಂದಾಗದು. ಊರೂರಿಗೆ ಇಪ್ಪತ್ತು ಪುಸ್ತಕ ಕೊಡಲು ಆಗುತ್ತದೆ.

ಅದಕ್ಕೆ ಬೇಕಾದ ವ್ಯವಸ್ಥೆ ಈಗಾಗಲೇ ಇದೆ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಹೊಣೆ 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿತು. 2020ರ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ನೀಡಿತು. ಕಪಾಟಿನೊಳಗೆ ಏನಿರಬೇಕೆಂಬುದು ಉಳಿದ ಪ್ರಶ್ನೆ. ಸಗಟು ಖರೀದಿಯಲ್ಲಿ ಪುಸ್ತಕವನ್ನು ಪುಟಗಳ ಲೆಕ್ಕದಲ್ಲಿ ಅಳೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಆ ತಕ್ಕಡಿಯಲ್ಲಿ ಮೂವತ್ತೆರಡು ಪುಟದ ಚಿತ್ರಪುಸ್ತಕ, ಮುನ್ನೂರು ಪುಟದ ಯಾರೂ ತೆರೆಯದ ಗ್ರಂಥದೆದುರು ಸೋಲುತ್ತದೆ. ಅರ್ಥಶಾಸ್ತ್ರದ ನ್ಯಾಯವಾದ ಅಳತೆ ಪುಟದ ಬೆಲೆಯಲ್ಲ, ಒಂದು ಓದಿನ ಬೆಲೆ. ನೂರು ಕೈ ಬದಲಾಯಿಸುವ ಪುಸ್ತಕವೇ ಅಗ್ಗದ ಪುಸ್ತಕ. ಚಿತ್ರಪುಸ್ತಕಗಳಿಗೆ ಖರೀದಿಯಲ್ಲಿ ಪ್ರತ್ಯೇಕ ಪಾಲು, ಪ್ರತ್ಯೇಕ ಮಾನದಂಡ ಇರಬೇಕು. 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಮೊದಲಾದ ಪ್ರಕಾಶಕರು ಕನ್ನಡದಲ್ಲೂ ಚಿತ್ರಪುಸ್ತಕಗಳನ್ನು ತಂದಿದ್ದಾರೆ. ಅಕ್ಷರವಿಲ್ಲದ ಪುಸ್ತಕಕ್ಕಂತೂ ಅನುವಾದದ ಖರ್ಚೇ ಇಲ್ಲ.

ನಮ್ಮದೇ ಪುಸ್ತಕಗಳೂ ಬರಬೇಕು. ಸುರಪುರದ ನಾಯಕರ ಆಶ್ರಯದಲ್ಲಿ ಸೂಕ್ಷ್ಮ ರೇಖೆಯ, ಬಂಗಾರದ ಬಣ್ಣದ ಚಿತ್ರಶೈಲಿಯೊಂದು ಬೆಳೆದು ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಆ ಶೈಲಿ ಬಲ್ಲ ಕಲಾವಿದರು ಚಂದ್ರಹಾಸನ ಕಥೆಯನ್ನು ಮಾತಿಲ್ಲದೆ, ಮೂವತ್ತೆರಡು ಪುಟದಲ್ಲಿ ಬರೆದರೆ, ಕಾಡಿನಲ್ಲಿ ನಿಂತ ಆ ಹುಡುಗನ ಮುಖ ದೇವಾಪುರದ ಮಕ್ಕಳಿಗೆ ಕಾಣುತ್ತದೆ. ಜಿಲ್ಲಾ ಪಂಚಾಯಿತಿಯೊಂದು ಮನಸ್ಸು ಮಾಡಿದರೆ ಆಗುವ ಕೆಲಸ.

ಅಂದು ಸಂಜೆ ಹೊರಡುವ ಮುನ್ನ ಪುಸ್ತಕ ಕೇಳಿದೆ. ಹುಡುಗ ಕೊನೆಯ ಪುಟಗಳನ್ನು ಆಯಿಗೆ ಎರಡನೆಯ ಸಲ ತೋರಿಸುತ್ತಿದ್ದ. ಅಲ್ಲಿ ತಾಯಿ ಮಗಳು ಆ ದೂರದೇಶಕ್ಕೆ ಬಂದು ತಂದೆಯನ್ನು ಸೇರುತ್ತಾರೆ. ಆಮೇಲೆ ಮಗಳೇ, ಈಗತಾನೇ ಬಂದು ದಾರಿ ತಿಳಿಯದೆ ನಿಂತ ಇನ್ನೊಬ್ಬರಿಗೆ ಬೆರಳು ಮಾಡಿ ದಾರಿ ತೋರಿಸುತ್ತಾಳೆ. ‘ಮುತ್ಯಾ, ಅವ್ವ ಯುಗಾದಿಗಿ ಬರ್ತಾಳ. ಆಕಿಗಿ ತೋರ್ಸಿ ಕೊಡ್ತೀನಿ’ ಎಂದ. ಪುಸ್ತಕವನ್ನು ಅಲ್ಲೇ ಬಿಟ್ಟು ಬಂದೆ. ಇಪ್ಪತ್ತು ವರ್ಷದ ಹಿಂದಿನ ಆ ಕಡತ ಈಗ ಯಾವ ದಾಖಲೆ ಕೊಠಡಿಯಲ್ಲಿದೆಯೋ, ನನ್ನ ಷರಾ ಅದರಲ್ಲಿ ಹಾಗೇ ಇರುತ್ತದೆ. ಅದನ್ನು ತಿದ್ದುವ ಅಧಿಕಾರ ನನಗೀಗ ಇಲ್ಲ. ಇಂದು ಅಂಥ ಕಡತ ಯಾರ ಮೇಜಿನ ಮೇಲಿದೆಯೋ, ಅವರು ಸಹಿ ಹಾಕುವ ಮುನ್ನ ಆ ಪುಸ್ತಕವನ್ನೊಮ್ಮೆ ತರಿಸಿಕೊಂಡು ನೋಡಲಿ.